ಲಕೋಟೆಯಿಂದ ಚೀಟಿ ಬಿಡಿಸುವ ಮುನ್ನ

ಅಂಚೆಚೀಟಿ ಸಂಗ್ರಹಕ್ಕೆ ಹೊಸದಾಗಿ ಇಳಿದವರು ಮೊದಲು ಮಾಡುವ ತಪ್ಪು, ಹಳೆಯ ಲಕೋಟೆಯನ್ನು ನೀರಲ್ಲಿ ನೆನೆಸಿ ಚೀಟಿ ಬಿಡಿಸುವುದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹಳೆಯ ಮನೆಗಳಲ್ಲಿ ಉಳಿದಿರುವ ಕಾಗದಪತ್ರಗಳಿಗಂತೂ ಈ ಅವಸರ ಸಲ್ಲದು. ಈ ಸೀಮೆ ಮದ್ರಾಸಿನ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1953ರ ಅಕ್ಟೋಬರ್ 1ರಂದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಈ ಬದಲಾವಣೆಗಳೆಲ್ಲ ವಿಳಾಸದಲ್ಲಿ, ಅಂಚೆಮುದ್ರೆಯಲ್ಲಿ ಉಳಿದಿರುತ್ತವೆ. ಚೀಟಿ ಕಿತ್ತರೆ ಮುದ್ರೆ ತುಂಡಾಗುತ್ತದೆ, ಮತ್ತೆ ಕೂಡಿಸಲು ಬಾರದು.

ಲಕೋಟೆಯನ್ನು ಇಡಿಯಾಗಿ, ಬಿಸಿಲು ತಾಕದ ಒಣ ಜಾಗದಲ್ಲಿ ಇಡಬೇಕು. ಸೆಲ್ಲೋಟೇಪು, ಗೋಂದು ಸೋಕಿಸಬಾರದು.

ಚೀಟಿಯ ವರ್ಷ, ಸರಣಿ ತಿಳಿಯಲು ಕೋಲ್ನೆಕ್ಟ್, ಸ್ಟ್ಯಾಂಪ್‌ವರ್ಲ್ಡ್ ಜಾಲತಾಣಗಳ ಪಟ್ಟಿಗಳು ನೆರವಾಗುತ್ತವೆ. ಬೆಲೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾರಾಟದ ತಾಣಗಳಲ್ಲಿ ಮಾರುವವರು ಬರೆದುಕೊಂಡ ಬೆಲೆಯನ್ನಲ್ಲ, ಕೊಂಡವರು ನಿಜವಾಗಿ ಕೊಟ್ಟದ್ದನ್ನು ನೋಡಬೇಕು. ಹಳೆಯ ಚೀಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಆಸೆ ತೋರಿಸಿ ಮುಂಗಡ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬಾರದು. ತಿಳಿದವರ ಅಭಿಪ್ರಾಯ ಬೇಕಿದ್ದರೆ ಎರಡೂ ಬದಿಯ ಫೋಟೊ ಕಳಿಸಿದರೆ ಸಾಕು. ಲಕೋಟೆ ಮನೆಯಲ್ಲೇ ಇರಲಿ.