ಹಳೆಯ ಗಣಕಯಂತ್ರವೂ ಮಿತವೇಗವೂ

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. "ಟೀಚರ್, ಇದು ಹತ್ತು ನಿಮಿಷಕ್ಕೆಲ್ಲ ಕಾದು ತಾನಾಗಿಯೇ ಆರಿಹೋಗುತ್ತದೆ. ಪ್ರಬಂಧವಿನ್ನೂ ಅರ್ಧವಾಗಿದೆ. ಹೊಸದಕ್ಕಾಗಿ ಅಮ್ಮ ಓಲೆ ಅಡವಿಡುತ್ತೇನೆನ್ನುತ್ತಾರೆ" ಎಂದಳು. ಆ ದಿನ ಅವಳಿಗೆ ಹೇಳಿದ ಪಾಠವು ಇತರ ಮನೆಗಳಿಗೂ ಉಪಯುಕ್ತವಾಗಬಹುದೆಂದು ಇಲ್ಲಿ ಬರೆದಿರುತ್ತೇನೆ.

ಗಣಕಯಂತ್ರದ ಮಿದುಳೆನಿಸಿದ ಪ್ರೊಸೆಸರಿನೊಳಗೆ ಕೋಟ್ಯಂತರ ಸೂಕ್ಷ್ಮ ಸ್ವಿಚ್ಚುಗಳಿದ್ದು, ಅವು ಒಂದು ಗಡಿಯಾರದ ತಾಳಕ್ಕೆ ಅನುಸಾರವಾಗಿ ಕೆಲಸಮಾಡುತ್ತವೆ. 3 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ತಾಳಗಳು. ಸ್ವಿಚ್ಚುಗಳು ಬದಲಾದಾಗಲೆಲ್ಲ ಕಿಂಚಿತ್ ವಿದ್ಯುತ್ತು ವ್ಯಯವಾಗಿ ಉಷ್ಣವಾಗುತ್ತದೆ. ಈ ಉಷ್ಣವು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿರುತ್ತದೆ. ವೇಗವು ತಗ್ಗಿದರೆ ಕಡಿಮೆ ವೋಲ್ಟೇಜೇ ಸಾಕಾಗುವುದರಿಂದ ಲಾಭವು ಇಮ್ಮಡಿಯಾಗಿ ತೋರುತ್ತದೆ. ಉದಾಹರಣೆಗೆ, ವೇಗವನ್ನು 3ರಿಂದ 2 ಗಿಗಾಹರ್ಟ್ಸ್‌ಗೂ ವೋಲ್ಟೇಜನ್ನು 1.3ರಿಂದ 1.1ಕ್ಕೂ ಇಳಿಸಿದರೆ, ವೇಗದಲ್ಲಿ ಮೂರರಲ್ಲೊಂದು ಪಾಲು ನಷ್ಟವಾದರೂ ಈ ಬಗೆಯ ಉಷ್ಣವು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

1941ರಲ್ಲಿ ಸ್ಥಾಪಿತವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಲ್ಲಿ ದುಡಿದ ತಂದೆ ತಾತಂದಿರಿಗೆ ಈ ತತ್ತ್ವವು ಹೊಸದಲ್ಲ. ಲೇತಿನ ವೇಗವು ಮಿತಿಮೀರಿದರೆ ಟೂಲು ಕಾದು ಮೊಂಡಾಗುತ್ತದೆ. ಗಟ್ಟಿಯಾದ ಲೋಹಕ್ಕೆ ವೇಗವನ್ನು ತಗ್ಗಿಸಲೇಬೇಕು.

ಮಾಡತಕ್ಕ ಕ್ರಮವಿದು: ಮೊದಲು ಯಂತ್ರವನ್ನು ಆರಿಸಿ, ಫ್ಯಾನಿನ ಧೂಳನ್ನು ತೆಗೆಯಿಸಬೇಕು. ತರುವಾಯ ವಿಂಡೋಸಿನ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ‘ಪವರ್ ಆಪ್ಷನ್ಸ್’ ತೆರೆದು, ಅಡ್ವಾನ್ಸ್ಡ್ ಭಾಗದಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಎಂಬುದನ್ನು ಶೇಕಡ 100ರಿಂದ 70ಕ್ಕೆ ಇಳಿಸಬೇಕು. ವೋಲ್ಟೇಜನ್ನು ಸಾಮಾನ್ಯವಾಗಿ ಯಂತ್ರವೇ ಹೊಂದಿಸಿಕೊಳ್ಳುತ್ತದೆ. ಮನಸ್ಸು ಬದಲಾದರೆ ಪುನಃ 100ಕ್ಕೆ ಏರಿಸಬಹುದು. ಇದರಿಂದ ಯಂತ್ರಕ್ಕೆ ಹಾನಿಯಿಲ್ಲ.

ಇದು ಸರ್ವರೋಗಕ್ಕೂ ಮದ್ದಲ್ಲ. ವಿಡಿಯೋ ಸಂಕಲನದಂಥ ಭಾರವಾದ ಕೆಲಸಗಳು ನಿಧಾನವಾಗುವುವು. ಕೆಟ್ಟ ಫ್ಯಾನು, ಉಬ್ಬಿದ ಬ್ಯಾಟರಿಗಳನ್ನು ಬದಲಾಯಿಸಲೇಬೇಕು. ಆದರೆ ಪತ್ರ, ಪ್ರಬಂಧ, ಲೆಕ್ಕಗಳ ಕೆಲಸದಲ್ಲಿ ವ್ಯತ್ಯಾಸವು ಬಹುಮಟ್ಟಿಗೆ ತಿಳಿಯದು.

ಆ ಹುಡುಗಿಯು ಅದೇ ಯಂತ್ರದಲ್ಲಿ ಪ್ರಬಂಧವನ್ನು ಮುಗಿಸಿದಳು. ತಾಯಿಯ ಓಲೆಯೂ ಉಳಿಯಿತು. ಪೋಷಕರು ಹೊಸ ಯಂತ್ರಕ್ಕಾಗಿ ಸಾಲಮಾಡುವ ಮುನ್ನ, ಹಳೆಯದು ನಿಜವಾಗಿಯೂ ಕೆಟ್ಟಿದೆಯೋ, ಬರೇ ಬಳಲಿದೆಯೋ ಎಂಬುದನ್ನು ಒಮ್ಮೆ ಪರೀಕ್ಷಿಸಬೇಕಾಗಿ ಕೋರುತ್ತೇನೆ.