ಇನ್ನು ಮೇಲೆ ಹೊರಗಿನವರಲ್ಲ (ಎಫೆಸದವರಿಗೆ 2:11-19)

ಮೊದಲು ಅಪೊಸ್ತಲರ ಕೃತ್ಯಗಳು 22ನೇ ಅಧ್ಯಾಯ ತೆಗೆಯಿರಿ, 25ರಿಂದ 28ನೇ ವಚನ. ಸೈನಿಕರು ಪೌಲನನ್ನು ಕೊರಡೆಯಿಂದ ಹೊಡೆಯೋಕೆ ಕಟ್ಟಿದ್ದಾರೆ. ಆಗ ಅವನು, ತಾನು ರೋಮಿನ ಹಕ್ಕುದಾರ ಅಂತ ತಿಳಿಸ್ತಾನೆ. ಸಹಸ್ರಾಧಿಪತಿ ಆ ಹಕ್ಕನ್ನು ಬಹಳ ಹಣ ಕೊಟ್ಟು ಪಡೆದವನು. ಪೌಲನಿಗೆ ಅದು ಹುಟ್ಟಿನಿಂದಲೇ ಬಂದದ್ದು. ಹೊಡೆಯಲು ಬಂದವರು ಹಿಂದೆ ಸರಿದರು. ಪೌರತ್ವಕ್ಕೆ ಅಷ್ಟು ಬಲ ಇದೆ.

ಹುಟ್ಟಿದ ನೆಲದಲ್ಲೇ ಆ ಹಕ್ಕು ಸಿಗದಿದ್ರೆ? ಅಮೆರಿಕದ ಚರಿತ್ರೆ ನೋಡೋಣ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಜನ ಗುಲಾಮರಾಗಿದ್ದರು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಫ್ರಿಕಾ ಮೂಲದವರು ಗುಲಾಮರಾಗಿರಲಿ, ಸ್ವತಂತ್ರರಾಗಿರಲಿ, ದೇಶದ ಪೌರರಲ್ಲ ಅಂದುಬಿಟ್ಟಿತು. ಆಗ ಸಭೆ ಎಲ್ಲಿತ್ತು? ದೇಶ ಒಡೆಯುವ ಮೊದಲೇ ಸಭೆ ಒಡೆದಿತ್ತು! ಗುಲಾಮಗಿರಿಯ ವಿಷಯದಲ್ಲಿ 1844ರಲ್ಲಿ ಮೆಥಡಿಸ್ಟರು, 1845ರಲ್ಲಿ ಬ್ಯಾಪ್ಟಿಸ್ಟರು ಉತ್ತರ, ದಕ್ಷಿಣ ಅಂತ ಬೇರೆಯಾದರು.

1861ರಿಂದ 1865ರವರೆಗೆ ಒಂದೇ ದೇಶದವರು, ಒಂದೇ ಬೈಬಲ್ ಓದುವವರು ಒಬ್ಬರನ್ನೊಬ್ಬರು ಕೊಂದರು. 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಉತ್ತರದ ಸೈನ್ಯದಲ್ಲಿ ಸುಮಾರು 1 ಲಕ್ಷ 80 ಸಾವಿರ ಕಪ್ಪು ಸೈನಿಕರಿದ್ದರು. ದೇಶಕ್ಕಾಗಿ ರಕ್ತ ಸುರಿಸಿದವರಿಗೆ 'ನೀವು ಹೊರಗಿನವರು' ಅಂತ ಇನ್ನು ಹೇಗೆ ಹೇಳೋದು? 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆಯಿತು. 1868ರ 14ನೇ ತಿದ್ದುಪಡಿ, ಈ ದೇಶದಲ್ಲಿ ಹುಟ್ಟಿ ಇದರ ಕಾನೂನಿಗೆ ಒಳಪಟ್ಟವರು ಈ ದೇಶದ ಪೌರರು ಎಂದು ಸ್ಪಷ್ಟಪಡಿಸಿತು. ಮೊದಲೆಲ್ಲಾ 'ನನ್ನ ರಾಜ್ಯ' ಎನ್ನುವುದೇ ಅನೇಕರಿಗೆ ದೊಡ್ಡದಾಗಿತ್ತು. ಈಗ ದೇಶ ಮೊದಲು, ರಾಜ್ಯ ಆಮೇಲೆ.

ಆದ್ರೆ ಪ್ರಿಯರೇ, ಕಾಗದ ಬದಲಾದ ಕೂಡಲೇ ಹೃದಯ ಬದಲಾಗಲ್ಲ. 1870ರಲ್ಲಿ ಲೂಸಿಯಾನದಲ್ಲಿ ಒಂದು ಮಗು ಹುಟ್ಟಿತು: ವಿಲಿಯಂ ಸೇಮೂರ್. ತಂದೆತಾಯಿ ಗುಲಾಮರಾಗಿದ್ದವರು, ತಂದೆ ಆ ಯುದ್ಧದಲ್ಲಿ ಸೈನಿಕ. ಮಗ ಹುಟ್ಟಿನಿಂದಲೇ ಪೌರ, ಪೌಲನ ಹಾಗೆ! ಆದರೂ ಅವನು ಹ್ಯೂಸ್ಟನ್‌ನಲ್ಲಿ ಬೈಬಲ್ ಶಾಲೆಗೆ ಹೋದಾಗ, ಬಿಳಿಯರ ಜೊತೆ ಕೂರಬಾರದು ಅಂತ ತರಗತಿಯ ಹೊರಗೆ ಕೂತು, ತೆರೆದ ಬಾಗಿಲಿನಿಂದ ಪಾಠ ಕೇಳಬೇಕಾಯ್ತು. ಅದೇ ಸೇಮೂರನನ್ನು ದೇವರು 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಉಜ್ಜೀವನಕ್ಕೆ ಉಪಯೋಗಿಸಿದರು. ಅಲ್ಲಿ ಕಪ್ಪು ಜನರೂ ಬಿಳಿಯರೂ ಮೆಕ್ಸಿಕೋದವರೂ ಜೊತೆಯಾಗಿ ಮೊಣಕಾಲೂರಿದರು. ಹಲ್ಲೆಲೂಯಾ! ಆದರೆ ಕೆಲವೇ ವರ್ಷಗಳಲ್ಲಿ ಪೆಂಟೆಕೋಸ್ಟಲ್ ಸಭೆಗಳೂ ಬಣ್ಣದ ಮೇಲೆ ಬೇರೆಯಾದವು. ದಕ್ಷಿಣದ ಕಪ್ಪು ಜನರ ಮತದ ಹಕ್ಕನ್ನು ಕಾಪಾಡಲು 1965ರಲ್ಲಿ ಮತ್ತೊಂದು ಕಾನೂನು ಬರಬೇಕಾಯ್ತು.

ಎಫೆಸ 2ರಲ್ಲಿ ಪೌಲ ಹೇಳೋದು ಇದನ್ನೇ: ದೂರವಿದ್ದವರನ್ನು ಕ್ರಿಸ್ತನು ಹತ್ತಿರ ತಂದನು, ನಡುವಿನ ಗೋಡೆಯನ್ನು ಕೆಡವಿದನು, ಈಗ ಅವರು ದೇವರ ಮನೆಯವರೇ. ಆ ಗೋಡೆಯನ್ನು ನಾವು ಮತ್ತೆ ಕಟ್ತಾ ಇದ್ದೀವಾ? ರಿಜಿಸ್ಟರ್‌ನಲ್ಲಿ ಎಲ್ಲರ ಹೆಸರೂ ಇದೆ. ಆದರೆ ಮದುವೆ ಮಾತು ಬಂದಾಗ 'ಅವರು ಯಾವ ಜನ?' ಅಂತ ಕೇಳ್ತೀವಲ್ಲ? ಆರಾಧನೆ ಮುಗಿದ ಮೇಲೆ ನಮ್ಮ ಭಾಷೆಯವರ ಜೊತೆ ಮಾತ್ರ ನಿಲ್ತೀವಲ್ಲ?

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಗುಂಪಿನಲ್ಲಿ ಬಾಗಿಲ ಹೊರಗೆ ಕೂತಿರುವವರು ಯಾರು ಅಂತ ನೋಡಿ. ಹೋಗಿ ಅವರನ್ನು ಒಳಗೆ ಕರೀರಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೆನ್.