ಬೇರು ಸಾಕೆ? ಗುಳಿಗಿ ಬೇಕೆ?



ಹೊಲದ ಕೆಲಸ, ಮನೆ ಕೆಲಸ. ದಣಿವು ನಮಗೆ ಹೊಸದಲ್ಲ. ಆದರೆ ಕೆಲವರಿಗೆ ರಾತ್ರಿ ಪೂರ್ತಿ ಮಲಗಿ ಎದ್ದರೂ ಕೈಕಾಲು ಏಳುವುದಿಲ್ಲ. ಉಣ್ಣುವುದು ಅಷ್ಟೇ, ಮೈ ಮಾತ್ರ ದಪ್ಪಾಗುತ್ತದೆ. ಕೂದಲು ಉದುರುತ್ತದೆ. ಮಲ ಕಟ್ಟುತ್ತದೆ. ಮುಟ್ಟು ಹೆಚ್ಚು ಹೋಗುತ್ತದೆ. ಎಲ್ಲರಿಗೂ ಸೆಕೆ, ಇವರಿಗೆ ಚಳಿ. "ಆಕಿ ಸೋಮಾರಿ" ಅಂತ ಮನೆಯವರು ಬೈತಾರೆ. ಇದು ಸೋಮಾರಿತನ ಅಲ್ಲ. ಥೈರಾಯ್ಡ್ ಬೇನೆ ಇರಬಹುದು.

ಥೈರಾಯ್ಡ್ ಅಂದರೇನು?

ನಮ್ಮ ಕೊರಳಿನ ಮುಂಭಾಗದಲ್ಲಿ ಒಂದು ಗ್ರಂಥಿ ಇದೆ. ಅದರ ಆಕಾರ ಚಿಟ್ಟೆಯ ಹಾಗೆ. ಅದು ಒಂದು ರಸ ತಯಾರಿಸುತ್ತದೆ. ಮೈಯ ಎಲ್ಲ ಕೆಲಸಕ್ಕೂ ಈ ರಸ ಬೇಕು. ರಸ ಕಡಿಮೆಯಾದರೆ ಮೈಯ ಕೆಲಸ ನಿಧಾನವಾಗುತ್ತದೆ.

1891ರಲ್ಲಿ ಇಂಗ್ಲೆಂಡಿನ ಡಾಕ್ಟರು ಜಾರ್ಜ್ ಮರ್ರೆ ಕುರಿಯ ಇದೇ ಗ್ರಂಥಿಯ ರಸವನ್ನು ಒಬ್ಬ ಹೆಣ್ಣುಮಗಳಿಗೆ ಕೊಟ್ಟರು. ಆಕೆ ಚೇತರಿಸಿಕೊಂಡಳು. ಮುಂದೆ 28 ವರ್ಷ ಬಾಳಿದಳು. ಈಗ ಆ ರಸದ ಬದಲು ಗುಳಿಗಿ ಬಂದಿದೆ. ಮೈಯಲ್ಲಿ ಕಡಿಮೆಯಾದ ರಸವನ್ನೇ ಗುಳಿಗಿ ತುಂಬಿಕೊಡುತ್ತದೆ.

"ಬೇರು ಕುಡಿದ್ರ ಆಗೂದಿಲ್ಲೇನು?"

ಹೀಗೆ ಬಹಳ ಮಂದಿ ಕೇಳುತ್ತಾರೆ. ಹಿರೇಮದ್ದು, ಅಂದರೆ ಅಶ್ವಗಂಧದ ಪುಡಿ ಸಂತೆಯಲ್ಲಿ ಸಿಗುತ್ತದೆ. ಕಾಂಚನಾರ ಗುಗ್ಗುಳವನ್ನು ಆಯುರ್ವೇದದವರು ಕೊರಳ ಬಾವಿಗೆ ಕೊಡುತ್ತಾರೆ. ಗಿಡಮೂಲಿಕೆಯನ್ನು ನಾವು ಹಳಿಯುವುದಿಲ್ಲ. ಆದರೆ ಇವು ಗುಳಿಗಿಯ ಜಾಗ ತುಂಬುತ್ತವೆ ಎಂದು ಸಾಬೀತಾಗಿಲ್ಲ. ಅಶ್ವಗಂಧ ಬಸುರಿಯರಿಗೆ ಸಲ್ಲದು.

ಇಲ್ಲೊಂದು ಮೋಸವಿದೆ. ಗುಳಿಗಿ ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. ಹಳೆಯ ಗುಳಿಗಿಯ ಶಕ್ತಿ ಕೆಲವು ವಾರ ಮೈಯಲ್ಲಿ ಉಳಿದಿರುತ್ತದೆ. "ಬೇರಿನಿಂದ ಆರಾಮಾತು" ಅನಿಸುತ್ತದೆ. ಆಮೇಲೆ ಬೇನೆ ಮೆಲ್ಲಗೆ ಮರಳುತ್ತದೆ.

ಬಸುರಿ ಗುಳಿಗಿ ಬಿಟ್ಟರೆ ಅಪಾಯ ಇಬ್ಬರಿಗೆ. ಹೊಟ್ಟೆಯಲ್ಲಿನ ಕೂಸಿನ ಮಿದುಳು ಬೆಳೆಯಲು ತಾಯಿಯ ಈ ರಸ ಬೇಕೇ ಬೇಕು. ಬಸುರಾದ ಕೂಡಲೇ ಡಾಕ್ಟರಿಗೆ ಹೇಳಬೇಕು. ಗುಳಿಗಿಯ ಪ್ರಮಾಣ ಹೆಚ್ಚಿಸಬೇಕಾಗಬಹುದು.

ಗುಳಿಗಿ ಹೇಗೆ ತಗೋಬೇಕು?

ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ನೀರಿನ ಜೊತೆ. ಚಹಾ, ನಾಷ್ಟಾ ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು. ಕಬ್ಬಿಣಾಂಶದ ಗುಳಿಗಿ, ಕ್ಯಾಲ್ಸಿಯಂ ಗುಳಿಗಿ ಇದ್ದರೆ ನಾಲ್ಕು ತಾಸು ಬಿಟ್ಟು. ಎಲ್ಲ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಗುಳಿಗಿ ಮೈಗೆ ಹತ್ತುವುದಿಲ್ಲ. ಗುಳಿಗಿಯನ್ನು ಒಲೆಯ ಹತ್ತಿರ, ಬಿಸಿಲಲ್ಲಿ ಇಡಬಾರದು.

ಊಟದಲ್ಲಿ ಏನು?

ರೊಟ್ಟಿ, ಪಲ್ಯ, ಬೇಳೆ ಎಲ್ಲ ಉಣ್ಣಬಹುದು. ಉಪ್ಪು ಮಾತ್ರ ಅಯೋಡಿನ್ ಇರುವುದೇ ಆಗಲಿ. ಈ ಗ್ರಂಥಿ ರಸ ಮಾಡಲು ಅಯೋಡಿನ್ ಬೇಕು. ಅದು ಸಿಗದಿದ್ದರೆ ಕೊರಳು ಬಾತು ಗಳಗಂಡ ಆಗಬಹುದು. ಹಾಗಂತ ಉಪ್ಪು ಹೆಚ್ಚು ತಿನ್ನಬಾರದು. ಈಗ ನಮಗೆ ಓದು ಬರುತ್ತದೆ. ಉಪ್ಪಿನ ಪೊಟ್ಟಣದ ಮೇಲೆ "ಅಯೋಡಿನ್" ಎಂದು ಇದೆಯೇ, ಓದಿ ನೋಡೋಣ.

ಎಲ್ಲಿಗೆ ಹೋಗಬೇಕು?

ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಶಹಾಪುರ, ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗೋಣ. ಟಿ.ಎಸ್.ಎಚ್. ಎಂಬ ರಕ್ತ ಪರೀಕ್ಷೆಯಿಂದ ಬೇನೆ ಗೊತ್ತಾಗುತ್ತದೆ. ಬೇರು, ಪುಡಿ ತಗೊಳ್ಳುತ್ತಿದ್ದರೆ ಡಾಕ್ಟರ ಮುಂದೆ ಮುಚ್ಚಿಡುವುದು ಬೇಡ.

ನೆನಪಿಡೋಣ

ಪರೀಕ್ಷೆ ಮಾಡಿಸೋಣ. ಡಾಕ್ಟರನ್ನು ಕೇಳದೆ ಗುಳಿಗಿ ಬಿಡುವುದು ಬೇಡ.

ಮಾತಾಡೋಣ

1. ಗುಳಿಗಿ ಬಿಟ್ಟ ಕೂಡಲೇ ಬೇನೆ ಏಕೆ ಕಾಣುವುದಿಲ್ಲ?
2. ನಮ್ಮ ಓಣಿಯಲ್ಲಿ ಯಾರು ಬಹಳ ದಿನದಿಂದ ದಣಿದಿದ್ದಾರೆ? ಅವರಿಗೆ ಏನು ಹೇಳೋಣ?